ಬಾಂಬು ಬೀಳದ ಗಿರಣಿ

ಮೂರು ವಾರದಿಂದ ಊರಿನ ಮೇಲೆ ಬಾಂಬು ಬೀಳುತ್ತಿತ್ತು. ರೈಲು ನಿಲ್ದಾಣ ಹೋಯಿತು, ಆಸ್ಪತ್ರೆಯ ಅರ್ಧ ಹೋಯಿತು. ಮೀನು ಮಾರುಕಟ್ಟೆ ಯಾರಿಗೇನು ಮಾಡಿತ್ತೋ ಪಾಪ, ಅದೂ ಹೋಯಿತು. ಊರ ನಡುವೆ ಎಲ್ಲಕ್ಕಿಂತ ಎತ್ತರಕ್ಕೆ ನಿಂತ ಹಿಟ್ಟಿನ ಗಿರಣಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಅಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ ಹೆಂಗಸಿಗೆ ಕಾರಣ ಗೊತ್ತಿತ್ತು. ಗಿರಣಿ ಶತ್ರು ದೇಶದ ಬ್ಯಾಂಕಿನದು. ಕೊಟ್ಟ ಸಾಲಕ್ಕೆ ಬದಲು ದೇಶದ ಬಂದರನ್ನೇ ಬರೆದುಕೊಡಿ ಎಂದು ಹಟ ಹಿಡಿದು ಯುದ್ಧ ಹಚ್ಚಿದ್ದು ಆ ಬ್ಯಾಂಕು, ವಿಮಾನಗಳಿಗೆ ದುಡ್ಡು ಸುರಿದದ್ದೂ ಅದೇ. ತಮ್ಮ ಮನೆಗೆ ತಾವೇ ಕೊಳ್ಳಿ ಇಟ್ಟುಕೊಳ್ಳುವಷ್ಟು ದಡ್ಡರೇ ಅವರು? ಥೂ, ಇಂಥವರ ಆಸರೆಯಲ್ಲಿ ಬದುಕಬೇಕಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಮಗಳು ಇನ್ನೂ ಚಿಕ್ಕವಳು. ಉರಿಯನ್ನು ಆಮೇಲೆ ನೋಡಿಕೊಂಡರಾಯಿತು.

ಮಗುವನ್ನು ಕರೆದುಕೊಂಡು ಗಿರಣಿಯಲ್ಲೇ ಮಲಗೋಣವೆಂದರೆ ಅತ್ತೆ ಬಿಡಬೇಕಲ್ಲ! ಮಗ ಸೇನೆಗೆ ಹೋದಾಗಿನಿಂದ ಮುದುಕಿ ಜಪ್ಪಯ್ಯ ಅಂದರೂ ಮನೆ ಬಿಟ್ಟು ಅಲ್ಲಾಡಳು, ಮೊಮ್ಮಗಳನ್ನೂ ಬಿಟ್ಟುಕೊಡಳು.

"ನನ್ನ ಮಗನ್ನ ಗಡಿಗೆ ಅಟ್ಟಿದೋರ ಗಿರಣಿ ಅದು. ಅವರ ಸೂರಿನಡಿ ನಾನು ಮಲಗಲ್ಲ."

"ನಿಮ್ಮ ರೋಷ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ ಅತ್ತೆ? ಮಗು ಉಳೀಬೇಕೋ ಬೇಡ್ವೋ?"

ಪಕ್ಕದ ಮನೆ ಕುಸಿದ ದಿನ ಅತ್ತೆ ತಾನೇ ಹಾಸಿಗೆ ಸುತ್ತಿದಳು.

ಸಂಜೆ ಗಿರಣಿಯ ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಲಗಳ ಸಂದಿಯಲ್ಲಿ ಮಗುವನ್ನು ಮಲಗಿಸಿದಾಗ ಸೊಸೆಗೆ ಹೋದ ಜೀವ ಬಂದಂತಾಯಿತು. ಅತ್ತೆಯೂ ಕಾಲು ಚಾಚಿ, "ಹಾಳಾದ್ದು, ತಣ್ಣಗಿದೆ ಕಣೇ" ಎಂದಳು.

ಅಷ್ಟರಲ್ಲಿ ಮ್ಯಾನೇಜರು ಮೈಕು ಹಿಡಿದು ಬಂದ. ಮುಖ ಮೊರದಗಲ ಆಗಿತ್ತು.

"ಸಿಹಿ ಸುದ್ದಿ! ಆ ಬ್ಯಾಂಕು ತನ್ನ ಪಾಲೆಲ್ಲ ಮಾರ್ಕೊಂಡು ಗಂಟು ಕಟ್ತು. ಕೊಂಡೋರು ನಮ್ಮ ದೇಶದೋರೇ. ಇವತ್ತಿಂದ ಗಿರಣಿ ನಮ್ಮದು!"

ಗೋದಾಮೆಲ್ಲ ಚಪ್ಪಾಳೆ. ಯಾರೋ ಆನಂದಕ್ಕೆ ಅತ್ತರು, ಯಾರೋ ಹಾಡು ಎತ್ತಿಕೊಂಡರು. ಅತ್ತೆ ಎದ್ದು ಕುಳಿತಳು. "ಕೇಳಿದ್ಯೇನೇ? ಇನ್ನು ಮಾನವಾಗಿ ಮಲಗಬಹುದು."

ಸೊಸೆಗೆ ಥಟ್ಟನೆ ಹೊಳೆಯಿತು. ಇಷ್ಟು ದಿನ ಗಿರಣಿಯನ್ನು ಕಾದದ್ದು ಆ ಬ್ಯಾಂಕಿನ ದುಡ್ಡು. ಆ ದುಡ್ಡು ಈಗ ಊರು ಬಿಟ್ಟಿತ್ತು. ಅವಳು ಮಲಗಿದ್ದ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಏಳಿ ಅತ್ತೆ."

"ತಲೆ ಕೆಟ್ಟಿದ್ಯೇನೇ? ನಮ್ಮದಾಯ್ತು ಅಂತಿದಾರೆ!"

"ನಮ್ಮದಾಯ್ತಲ್ಲ, ಅದಕ್ಕೇ. ನಿಮ್ಮ ಕಾಲಿಗೆ ಬೀಳ್ತೀನಿ, ಏಳಿ."

ಸುದ್ದಿ ಕೇಳಿ ಬೀದಿಯ ಜನವೆಲ್ಲ ಒಳಗೆ ನುಗ್ಗುತ್ತಿತ್ತು. "ಒಳಗೆ ಬರಬೇಡ್ರಪ್ಪಾ, ಇನ್ನು ಇದಕ್ಕೂ ಬಾಂಬು ಹಾಕದೆ ಬಿಡಲ್ಲ ಅವರು!" ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ದೇಶದ್ರೋಹಿ" ಎಂದು ಒಬ್ಬ ಉಗಿದ. ಅತ್ತೆಯ ರಟ್ಟೆ ಎಳೆಯುತ್ತ ಅವಳು ಜನರನ್ನು ತಳ್ಳಿಕೊಂಡು ನಡೆದಳು. ದೂರದಲ್ಲಿ ವಿಮಾನದ ಸದ್ದು ಶುರುವಾಯಿತು. ಬಾಗಿಲು ಇನ್ನೂ ಮುಂದಿತ್ತು.