ಹುಲಿಗೆವ್ವನ ಬಳ್ಳಿ

"ಉಡಿ ಝಾಡಿಸ್ರಿ ಬೋಸುಡೇರಾ! ಒಬ್ಬೊಬ್ರೇ ಬರ್ರಿ."

ದ್ರಾಕ್ಷಿ ತೋಟದ ಗೇಟಿನಲ್ಲಿ ವೆಂಕೋಬ ಕೋಲು ಹಿಡಿದು ನಿಂತಿದ್ದ. ಬೆಳಗಿನಿಂದ ಬಳ್ಳಿ ಸವರಿ ದಣಿದ ಹೆಂಗಸರು ಸಾಲಾಗಿ ಬಂದು ಅವನ ಮುಂದೆ ಸೀರೆಯ ಉಡಿ ಬಿಚ್ಚಿ ಝಾಡಿಸುತ್ತಿದ್ದರು. ಕದಿಯಲು ತೋಟದಲ್ಲಿ ಒಂದು ಹಣ್ಣೂ ಇರಲಿಲ್ಲ. ಮಾಲಕ ಅಮರಗುಂಡಪ್ಪ ಗೌಡನ ಹೆದರಿಕೆ ಇದ್ದದ್ದು ಕಡ್ಡಿಯ ಮೇಲೆ. ಸವರಿದ ಬಳ್ಳಿಯ ಗೇಣುದ್ದದ ತುಂಡನ್ನು ಹಸಿ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಬೇರೆಯವರ ಹೊಲದಲ್ಲಿ ಈ ದ್ರಾಕ್ಷಿ ಎದ್ದರೆ ಅವನ ವೈನಿಗೆ ಅಪರೂಪದ್ದೆಂಬ ಹೆಸರು ಉಳಿಯುವುದಿಲ್ಲ. ಅದಕ್ಕೇ ಸವರಿದ್ದನ್ನೆಲ್ಲ ಸಂಜೆ ರಾಶಿ ಹಾಕಿಸಿ, ಡೀಸೆಲ್ ಸುರಿದು ಸುಡಿಸುತ್ತಿದ್ದ.

ಗ್ಯಾನಮ್ಮನ ಸರದಿ ಬಂತು. ಉಡಿ ಝಾಡಿಸಿದಳು. ವೆಂಕೋಬ ಕೋಲಿನ ತುದಿಯನ್ನು ಅವಳ ಎದೆಗೆ ತಾಗಿಸಿದ.

"ಕುಬಸದಾಗೇನೈತಿ?"

"ನಿಮ್ಮವ್ವಗ ಏನೈತೋ ಅದಾ ಐತಿ. ಮನಿಗೆ ಹೋಗಿ ಕೇಳು."

ಸಾಲು ಗೊಳ್ಳೆಂದಿತು. ಕೋಲು ಅವಳ ಮಣಿಕಟ್ಟಿಗೆ ಬಿತ್ತು. ಬಳೆ ಒಡೆದು ನೆಲಕ್ಕೆ ಉದುರಿತು. ಗ್ಯಾನಮ್ಮ ಚೂರುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಹೊರಗೆ ನಡೆದಳು.

ಅದೇ ದ್ರಾಕ್ಷಿಯ ಬಳ್ಳಿ ಮಾದರ ಕೇರಿಯಲ್ಲಿ ಗ್ಯಾನಮ್ಮನ ಮಾಳಿಗೆಯ ಮೇಲೂ ಹಬ್ಬಿತ್ತು. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ. ಬೇರೆ ಕರಿದ್ರಾಕ್ಷಿಯ ಒಳಗು ಬಿಳಿ. ಇದರ ತಿರುಳೂ ಕೆಂಪು. ಹಿಸುಕಿದ ಕೈಯ ಬಣ್ಣ ತೊಳೆದರೂ ಹೋಗದು. ಕೇರಿಯವರು ಇದನ್ನು ರಗತದ್ರಾಕ್ಷಿ ಅನ್ನುತ್ತಿದ್ದರು. ನೆಟ್ಟವಳು ಗ್ಯಾನಮ್ಮನ ಅತ್ತೆ ಹುಲಿಗೆವ್ವ. ಕೇರಿಯ ಮದುವೆಗಳಿಗೆ ಅವಳು ಹಣ್ಣು ಹಿಸುಕಿ, ಮಡಿಕೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಹುಳಿ ಬರಿಸಿ, ಕುಡಿಯುವ ಸೆರೆ ಮಾಡುತ್ತಿದ್ದಳು. ಒಂದು ವರ್ಷ ಅಬಕಾರಿ ಜೀಪು ಬಂತು. ಹಣೆತುಂಬ ವಿಭೂತಿ ಬಳಿದುಕೊಂಡ ಅಮರಗುಂಡಪ್ಪ ಕೇರಿಯ ಬಾಯಲ್ಲಿ ನಿಂತು, "ಅದಾ ನೋಡ್ರಿ ಮನಿ" ಎಂದು ಬೆರಳು ತೋರಿಸಿದ್ದ. ಪೊಲೀಸರು ಮಡಿಕೆಯನ್ನು ಬೂಟಿನಿಂದ ಒದ್ದು ಒಡೆದರು, ಮುದುಕಿಯನ್ನು ರಟ್ಟೆ ಹಿಡಿದು ಲಿಂಗಸುಗೂರಿಗೆ ಎಳೆದೊಯ್ದರು. ಬಿಟ್ಟು ಬಂದ ಮೇಲೆ ಹುಲಿಗೆವ್ವ ಮಡಿಕೆ ಮುಟ್ಟಲಿಲ್ಲ. ಸಾಯುವ ತನಕ ಬಳ್ಳಿಗೆ ನೀರು ಹಾಕುವುದನ್ನೂ ಬಿಡಲಿಲ್ಲ.

ಗೌಡನ ಮಗ ಶಿವಕಾಂತ ನಾಸಿಕ್‌ನಲ್ಲಿ ವೈನ್ ಮಾಡುವುದನ್ನು ಕಲಿತು ಬಂದು, ಆ ಮಾಳಿಗೆಯಿಂದಲೇ ಕಡ್ಡಿ ಒಯ್ದು ತೋಟ ಮಾಡಿದ. ಈಗ ಸುಗ್ಗಿಯಲ್ಲಿ ಕೇರಿಯ ಹೆಂಗಸರು ಕಲ್ಲಿನ ಬಾನಿಯಲ್ಲಿಳಿದು ಹಣ್ಣು ತುಳಿಯುತ್ತಾರೆ. ರಸವನ್ನು ಮರದ ಪೀಪಾಯಿಯಲ್ಲಿ ಮಾಗಿಸಿ, ಸ್ವಲ್ಪೇ ಸ್ವಲ್ಪ ಬಾಟಲಿ ತುಂಬಿ, ಬೆಂಗಳೂರಿಗೆ ಕಳಿಸುತ್ತಾರೆ. ಸರಕಾರದ ಪರವಾನಗಿ ಗಾಜಿನ ಕಟ್ಟು ಹಾಕಿಸಿಕೊಂಡು ಶಿವನ ಪಟದ ಪಕ್ಕದಲ್ಲೇ ತೂಗುತ್ತಿದೆ. ಯಾರಾದರೂ ಸೆರೆ ಅಂದರೆ ಗೌಡನಿಗೆ ಉರಿಯುತ್ತದೆ. "ವೈನ್ ಅನ್ರಲೇ, ಹೇಲು ತಿನ್ನಾ ಬಾಯಿ ತಗದು."

ಅವತ್ತು ಸಂಜೆ ಗೌಡನ ಜೀಪು ಕೇರಿಯ ಬಾಯಿಗೆ ಬಂದು ನಿಂತಿತು. ಗೌಡ ಇಳಿಯಲಿಲ್ಲ. ಶಿವಕಾಂತ ಇಳಿದ.

"ಗ್ಯಾನಮ್ಮ, ನಾಳಿ ವೈನ್ ಕೊಳ್ಳಾಕ ಬೆಂಗಳೂರಿನವ್ರು ಬರಾಕತ್ತಾರ. ಈ ತಳಿ ನಮ್ಮ ತೋಟ ಬಿಟ್ರ ಮತ್ತೆಲ್ಲೂ ಇಲ್ಲ ಅಂತ ಹೇಳೀವಿ. ನಿನ್ನ ಮಾಳಿಗಿ ಬಳ್ಳಿ ತಗೀಬೇಕು. ನೆಳ್ಳಿಗೆ ತಗಡಿನ ಪತ್ರಾಸ್ ಹಾಕಿಸಿಕೊಡ್ತೀನಿ."

"ನಿಮ್ಮ ತೋಟ ಅದರ ಹೊಟ್ಟ್ಯಾಗ ಹುಟ್ಟಿದ್ದಲ್ಲೇನ್ರಿ?"

ಜೀಪಿನೊಳಗಿಂದ ಗೌಡನ ದನಿ ಬಂತು. "ಯಾರ ಹೊಟ್ಟ್ಯಾಗ ಏನು ಹುಟ್ಟೈತಿ ಅಂತ ಈ ಮಾದಿಗಿತ್ತಿ ಕಡೆ ಕೇಳಿ ತಿಳ್ಕೋಬೇಕೇನ್ಲೇ ನಾವು?"

"ತಗಿಯಂಗಿಲ್ರಿ. ಅದು ನಮ್ಮತ್ತಿ ಬಳ್ಳಿ."

ಗೌಡ ವೀಳ್ಯದ ರಸವನ್ನು ಕೇರಿಯ ಕಡೆಗೆ ಉಗಿದ. "ನಾಳಿ ಎಲ್ಲಾರೂ ಜಳಕ ಮಾಡಿ ಬರ್ರಿ. ಬಾನಿ ಮುಂದ ಫೋಟೊ ತಗೀತಾರ," ಎಂದು ಮಗನನ್ನು ಹತ್ತಿಸಿಕೊಂಡು ಜೀಪು ತಿರುಗಿಸಿದ.

ರಾತ್ರಿ ಮಳೆ ಹೊಡೆಯಿತು. ಮರುದಿನ ಹೆಂಗಸರಿಗೆಲ್ಲ ಒಂದೇ ಬಣ್ಣದ ಹಸಿರು ಸೀರೆ ಉಡಿಸಿ ಬಾನಿಯ ಪಕ್ಕ ನಿಲ್ಲಿಸಿದ್ದರು. ಬೆಂಗಳೂರಿನ ಕಾರುಗಳು ಬರುವುದು ತಡವಾಗಿತ್ತು. ಗ್ಯಾನಮ್ಮ ಗೇಟಿನ ಕಡೆ ನೋಡಿದಳು. ವೆಂಕೋಬ ಇರಲಿಲ್ಲ.

"ಮಹೇಶ್ವರಿ, ಆ ನಾಯಿ ಎಲ್ಲಿ ಹೋಗೈತಿ?"

"ಬೆಳಿಗ್ಗೆಲಿಂದ ಕಂಡಿಲ್ಲಬೇ," ಎಂದಳು ಪಕ್ಕದ ಮಹೇಶ್ವರಿ. ಅವಳ ಮಾತು ಮುಗಿಯುವ ಮೊದಲೇ ಗ್ಯಾನಮ್ಮ ಓಡತೊಡಗಿದ್ದಳು.

ಮಾಳಿಗೆ ಬೋಳಾಗಿತ್ತು. ಗೋಡೆಯ ಬುಡದಲ್ಲಿ ತೊಡೆ ಗಾತ್ರದ ಬೊಡ್ಡೆ ಕಡಿದ ಬಾಯಿಂದ ನೀರು ಸುರಿಸುತ್ತಿತ್ತು. ಅಂಗಳದಲ್ಲಿ ಬಳ್ಳಿಯೆಲ್ಲ ರಾಶಿ ಬಿದ್ದಿತ್ತು. ವೆಂಕೋಬ ಕುಕ್ಕರಗಾಲಲ್ಲಿ ಕೂತು ಬೆಂಕಿಕಡ್ಡಿ ಗೀರುತ್ತಿದ್ದ. ನೆನೆದ ಬಳ್ಳಿಯಿಂದ ಬರೀ ಹೊಗೆ ಏಳುತ್ತಿತ್ತು.

"ನಿನ್ನ ಹೆಣಾ ಎತ್ತ್ಲಿ!"

"ಗೌಡ್ರ ಹುಕುಂ ಐತಿ. ಬಾಯಿ ಮಾಡಬ್ಯಾಡ." ಅವನು ಎದ್ದ. "ಡೀಸೆಲ್ ತರ್ತೀನಿ. ಒಂದು ಕಡ್ಡಿ ಮುಟ್ಟಿದ್ರ ನಿನ್ನನ್ನೂ ಇದರಾಗ ಹಾಕ್ತೀನಿ ನೋಡು."

ಬೈಕು ಮರೆಯಾಯಿತು. ಗ್ಯಾನಮ್ಮ ಬೊಡ್ಡೆಯ ಮೇಲೆ ಅಂಗೈ ಒತ್ತಿದಳು. ಬೆರಳ ಸಂದಿಯಿಂದ ನೀರು ಇಳಿಯಿತು. ಆಮೇಲೆ ಅವಳ ಕಣ್ಣು ರಾಶಿಯ ಮೇಲೆ ನಿಂತಿತು. ತೋಟದಲ್ಲಿ ಬಳ್ಳಿ ಸವರುವ ತಿಂಗಳಲ್ಲೇ ಇದನ್ನೂ ಕಡಿದಿದ್ದರು. ಮೇಲೆ ಮಳೆ ಬೇರೆ ಬಿದ್ದಿತ್ತು. ಅವಳು ಒಳಗೆ ಹೋಗಿ ಕುಡುಗೋಲು ತಂದಳು.

ಬೆನ್ನ ಹಿಂದೆಯೇ ಓಡಿಬಂದಿದ್ದ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಮಹೇಶ್ವರಿ ಹೊಗೆಯಾಡುವ ಕಡ್ಡಿಗಳನ್ನು ಕಾಲಿನಿಂದ ಒದ್ದು ಬೇರೆ ಮಾಡಿದಳು.

"ಎಷ್ಟುದ್ದ ಕಡೀಲಿಬೇ?"

"ಗೇಣುದ್ದ. ಚಿಗಿಯೋ ಕಣ್ಣು ಉಳಸು."

ಅಷ್ಟರಲ್ಲಿ ತೋಟದೊಳಗೆ ಗೌಡನ ಮನೆಯ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಸುತ್ತ ಬೆಂಗಳೂರಿನವರು ಕೂತಿದ್ದರು. ಅಶ್ವಿನಿ ಎಂಬ ಹೆಂಗಸು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಈ ತಳಿ ನಿಮಗೆ ಎಲ್ಲಿಂದ ಸಿಕ್ಕಿತು?"

"ನಿಜಾಮರ ತೋಟದಿಂದ ನಮ್ಮ ತಾತ ತಂದಿದ್ದರು ಮೇಡಂ," ಎಂದ ಅಮರಗುಂಡಪ್ಪ.

ಮೇಜಿನ ಮೇಲೆ ಹಸಿ ಕಡ್ಡಿಗಳ ಹೊರೆ ದೊಪ್ಪನೆ ಬಿತ್ತು. ಪಕ್ಕದವರ ಗ್ಲಾಸು ಉರುಳಿತು. ಬಿಳಿ ಬಟ್ಟೆಯ ಮೇಲೆ ಕೆಂಪು ಹರಿಯಿತು.

"ಹುಲಿಗೆವ್ವನ ಮಾಳಿಗಿಯಿಂದ ಬಂದೈತ್ರೀ ಯವ್ವಾ," ಎಂದಳು ಗ್ಯಾನಮ್ಮ. "ಇವತ್ತ ಕಡದಾರ. ಇದಾ ಹಣ್ಣಿನ ಸೆರಿ ಮಾಡಿದ್ದಕ್ಕ ಆಕಿನ್ನ ಜೀಪಿನ್ಯಾಗ ಹಾಕಿ ಒಯ್ದ್ರು. ನೀವು ಕುಡಿಯಾಕತ್ತಿದ್ದು ಅದಾ ಸೆರಿ. ತುಳದಿದ್ದು ಈ ಕಾಲು."

ಬೆಂಗಳೂರಿನವರ ಮುಂದೆ ಬೈಯಲಾರದೆ ಅಮರಗುಂಡಪ್ಪ ಉರುಳಿದ ಗ್ಲಾಸನ್ನು ಎತ್ತಿ ನಿಲ್ಲಿಸಿದ. "ತಲಿ ಸರಿ ಇಲ್ಲ ಈಕಿಗೆ," ಎಂದ ಶಿವಕಾಂತ ನಗಲು ನೋಡುತ್ತ. ಗ್ಯಾನಮ್ಮ ಒಂದು ಕಡ್ಡಿ ಎತ್ತಿ ಅಶ್ವಿನಿಯ ಕೈಗಿಟ್ಟಳು. ಅವಳು ಕಡ್ಡಿಯನ್ನೂ ಕೆಳಗಿಡಲಿಲ್ಲ, ಗ್ಲಾಸನ್ನೂ ಕೆಳಗಿಡಲಿಲ್ಲ. ಗ್ಯಾನಮ್ಮ ಹೊರೆಯನ್ನು ಮತ್ತೆ ತಲೆಗೇರಿಸಿ ಹೊರಟಳು.

ಗೇಟಿನಲ್ಲಿ ವೆಂಕೋಬ ಡೀಸೆಲ್ ಡಬ್ಬಿ ಹಿಡಿದು ಅಡ್ಡ ನಿಂತ. "ಉಡಿ ಝಾಡಿಸ್ರಿ!"

ಗ್ಯಾನಮ್ಮನ ಹಿಂದೆ ಬಂದಿದ್ದ ಹೆಂಗಸರು ಉಡಿ ಬಿಚ್ಚಿ ತೋರಿಸಿದರು. ಎಲ್ಲದರಲ್ಲೂ ಕಡ್ಡಿ.

"ನೋಡ್ಕೋ," ಎಂದಳು ಗ್ಯಾನಮ್ಮ. "ನಮ್ಮ ಮನಿ ಬಳ್ಳಿ. ಉಡಿ ತುಂಬಿಸ್ಕೊಂಡು ಹೊಂಟೀವಿ. ಹಾದಿ ಬಿಡು."

ಯಾರೂ ನಿಲ್ಲಲಿಲ್ಲ. ಮಸ್ಕಿಯ ರಸ್ತೆಯ ಬದಿಯಲ್ಲಿ ಮಣ್ಣು ಮೆತ್ತಗಿತ್ತು. ಹೆಂಗಸರು ನಡೆಯುತ್ತ ಬಗ್ಗಿ ಬಗ್ಗಿ ಕಡ್ಡಿ ಚುಚ್ಚಿದರು. ವೆಂಕೋಬ ಹಿಂದೆ ಬರುತ್ತ ಕೀಳತೊಡಗಿದ. ಈ ಬದಿಯದನ್ನು ಕಿತ್ತರೆ ಆ ಬದಿ ಚುಚ್ಚಿದರು.

"ಸೊಂಟಾ ಹಿಡಿದೀತೋ ಯಪ್ಪಾ," ಎಂದು ಮಹೇಶ್ವರಿ ಕೂಗಿದಳು. "ನಮಗ ಬಗ್ಗಿ ರೂಢಿ ಐತಿ, ನಿನಗಿಲ್ಲ!"

ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು. ಗ್ಯಾನಮ್ಮ ರಸ್ತೆಯ ನಡುವೆ ನಿಂತು ಕೈ ಅಡ್ಡ ಮಾಡಿದಳು. ಬಸ್ಸು ನಿಂತಿತು. ಹೆಂಗಸರು ಕಿಟಕಿಗಳಿಗೆ ಕಡ್ಡಿ ಚಾಚಿದರು.

"ಏನಬೇ ಇದು?"

"ದ್ರಾಕ್ಷಿ. ಮಸ್ಕ್ಯಾಗ ಹಚ್ರಿ, ಸಿಂಧನೂರಾಗ ಹಚ್ರಿ. ಕೇಳಿದ್ರ ಹುಲಿಗೆವ್ವನ ಬಳ್ಳಿ ಅನ್ರಿ."

"ಈ ಲಗೇಜಿಗೆ ಟಿಕೀಟು ಯಾರು ತಗೀತಾರ?" ಎಂದ ಕಂಡಕ್ಟರ್ ಅಲ್ಲಾಭಕ್ಷ್.

"ನೀನೂ ಒಂದು ಹಿಡಿ, ಬಾಯಿ ಮುಚ್ಚು."

ಅವನು ನಕ್ಕು ಒಂದನ್ನು ಚೀಲಕ್ಕೆ ಸಿಗಿಸಿ ಸೀಟಿ ಊದಿದ. ವೆಂಕೋಬ ಬಸ್ಸಿನ ಬೆನ್ನಿಗೆ ಗುದ್ದುತ್ತ ಓಡಿದ. ಡಬ್ಬಿಯ ಡೀಸೆಲ್ ಅವನ ಧೋತರದ ಮೇಲೇ ಚೆಲ್ಲಿತು. ಬಸ್ಸು ನಿಲ್ಲಲಿಲ್ಲ.

ತೋಟದ ಗೇಟಿನಿಂದ ಗೌಡನ ಜೀಪು ಹೊರಬಿದ್ದು, ಹಾರನ್ ಒತ್ತಿ ಹಿಡಿದು, ಅವರತ್ತಲೇ ಬರುತ್ತಿತ್ತು. ಗ್ಯಾನಮ್ಮ ಒಮ್ಮೆ ನೋಡಿದಳು. ಉಡಿಯಿಂದ ಇನ್ನೊಂದು ಕಡ್ಡಿ ತೆಗೆದು, ಬಗ್ಗಿ, ಹಿಮ್ಮಡಿಯಿಂದ ಅದರ ಬುಡದ ಮಣ್ಣು ಒತ್ತಿದಳು.