ಕಡೇ ಗದ್ದೆಯ ನೀರು

ನಾನು ಒಂದು ಬಿರಡೆ. ಸೀಸೆಯ ಬಾಯಿಗೆ ಹಾಕುವ ಪುಟಾಣಿಯಲ್ಲ; ಹೆಜ್ಜಾರ್ಲೆಕಟ್ಟೆ ಕೆರೆಯ ತೂಬು ಮುಚ್ಚುವ, ಆಳುದ್ದದ ಮರದ ಬಿರಡೆ. ಮತ್ತಿ ಮರದ ಬೊಡ್ಡೆ ಕೆತ್ತಿ ನನ್ನನ್ನು ಮಾಡಿದವರು ಬಡಗಿ ಕಾಳಾಚಾರಿ. ತುದಿಗೆ ಕಬ್ಬಿಣದ ಪಟ್ಟಿ ಬಡಿದು, “ನನಗಿಂತ ಜಾಸ್ತಿ ದಿನ ಇರ್ತದೆ ಇದು” ಎಂದಿದ್ದರು. ಇದ್ದೇನೆ.

ನನ್ನನ್ನು ಎತ್ತಿದರೆ ಕಾಲುವೆಗೆ ನೀರು, ಇಳಿಸಿದರೆ ಬಂದ್. ಮುಟ್ಟುವ ಹಕ್ಕು ಊರಿಗೆಲ್ಲ ಒಬ್ಬನಿಗೇ, ಗದ್ದೆಗಳಿಗೆ ನೀರು ಹಂಚುವ ನೀರಗಂಟಿಗೆ. ಮೊದಲು ಮಾದಯ್ಯ, ಆಮೇಲೆ ಅವನ ಮಗ ಪುಟ್ಟಮಾದ. ನೀರಗಂಟಿಗೆಂದು ಊರವರು ಬಿಟ್ಟುಕೊಟ್ಟ ಗದ್ದೆ ಎಲ್ಲಿತ್ತು ಗೊತ್ತೇ? ಕಾಲುವೆಯ ಕಟ್ಟಕಡೆಯಲ್ಲಿ. ಹಿಂದಿನವರು ಬಲು ಜಾಣರು. ಅವನ ಗದ್ದೆಗೆ ನೀರು ಬರಬೇಕಾದರೆ ಎಲ್ಲರ ಗದ್ದೆ ದಾಟಿಯೇ ಬರಬೇಕು, ಹಾಗಾಗಿ ಯಾರಿಗೂ ಮೋಸವಾಗದು. ಅವನಿಗೇ ಮೋಸವಾದರೆ ಏನು ಗತಿ ಎಂದು ಮಾತ್ರ ಯಾರೂ ಯೋಚಿಸಿದಂತಿಲ್ಲ.

ಕೆರೆಯೊಳಗಿನ ಜಾಲಿ ಮರಗಳಲ್ಲಿ ಪ್ರತಿ ವರ್ಷವೂ ಚೀಲದ ಕೊಕ್ಕಿನ ಹೆಜ್ಜಾರ್ಲೆಗಳು, ಕೊಕ್ಕರೆಗಳು ಗೂಡು ಕಟ್ಟುತ್ತಿದ್ದವು. ಸುತ್ತ ನೀರಿರುವವರೆಗೆ ನಾಯಿಗಳು ಹತ್ತಿರ ಸುಳಿಯುವುದಿಲ್ಲ. ನೀರು ಸರಿದರೆ ನಡೆದೇ ಬಂದು ಕೆಳಕೊಂಬೆಯ ಗೂಡುಗಳನ್ನು ಎಳೆದುಹಾಕುತ್ತವೆ.

ಒಂದು ಬೇಸಿಗೆ ಕೆರೆಯಲ್ಲಿ ನೀರು ಕಡಿಮೆಯಿತ್ತು. ಮೇಲಿನ ಗದ್ದೆಗಳೆಲ್ಲ ಕಡೇ ನೀರು ಕುಡಿದು ಮುಗಿಸಿದ್ದವು. ಉಳಿದದ್ದು ಪುಟ್ಟಮಾದನದೊಂದೇ. ಭತ್ತದ ಕಾಳು ಹಾಲುಗಟ್ಟುತ್ತಿತ್ತು; ಈಗ ನೀರು ತಪ್ಪಿದರೆ ಎಲ್ಲ ಜೊಳ್ಳು. ಗೂಡುಗಳಲ್ಲಿ ಇನ್ನೂ ಹಾರಲು ಬಾರದ ಮರಿಗಳು.

“ಊರ್ನೋರ ಗದ್ದೆಗೆಲ್ಲ ಕುಡ್ಸ್ದೆ. ನಮ್ದು ಒಣಗ್ಬೇಕಾ?” ಎಂದಳು ಅವನ ಹೆಂಡತಿ ಚಿಕ್ಕತಾಯಮ್ಮ. ಆ ಗದ್ದೆಯ ನಾಟಿ, ಕಳೆ ಎಲ್ಲ ಅವಳದೇ. ಮನೆಯ ವರ್ಷದ ಅನ್ನ ಅದು.

“ಕೆರೆ ಒಂದು ಗೇಣು ಇಳಿದ್ರೆ ಏನೂ ಆಗಕಿಲ್ಲ ಕಣಮ್ಮಿ. ಬುಡ್ತೀನಿ, ನೀನೋಗಿ ಗದ್ದೆತಾವ ನಿಂತ್ಕೊ” ಎಂದ ಅವನು.

ಬೆಳಿಗ್ಗೆಯೇ ನನ್ನನ್ನು ಎತ್ತಿದ. ಅವನ ಅಂದಾಜು ತಪ್ಪಿತ್ತು. ಬಿಸಿಲಿಗೆ ಬಿರಿದ ಕಾಲುವೆ ಅರ್ಧ ನೀರನ್ನು ತಾನೇ ಕುಡಿಯಿತು. ಮಧ್ಯಾಹ್ನವಾದರೂ ಗದ್ದೆಯ ಕಡೆಯಿಂದ ಸುದ್ದಿಯಿಲ್ಲ. ಇತ್ತ ಕೆರೆ ಇಳಿಯುತ್ತಲೇ ಇತ್ತು.

ಆಗ ಮೂರು ನಾಯಿಗಳು ಕೆರೆಯ ಏರಿಯಿಂದ ಇಳಿದು ಬಂದವು. ಮೊದಲನೆಯದು ನೀರಿಗೆ ಕಾಲಿಟ್ಟು ನೋಡಿತು. ಹೊಟ್ಟೆ ಮುಟ್ಟುವಷ್ಟು ನೀರು. ನಿಂತಿತು. ಮತ್ತೊಂದು ಹೆಜ್ಜೆ ಇಟ್ಟಿತು. ಹಕ್ಕಿಗಳೆಲ್ಲ ಒಮ್ಮೆಗೇ ಮೇಲೆದ್ದವು. ಪುಟ್ಟಮಾದ ಕಲ್ಲೆಸೆದ, ಗಂಟಲು ಹರಿಯುವಂತೆ ಕೂಗಿದ. ನಾಯಿ ಕಿವಿ ಆಡಿಸಿ ಮತ್ತೆ ಮುಂದೆ ಬಂತು.

ಅದೇ ಹೊತ್ತಿಗೆ ಕೆಳಗಿನಿಂದ ಚಿಕ್ಕತಾಯಮ್ಮನ ದನಿ: “ನೀರು ಬರ್ತಾ ಅದೆ! ಇನ್ ಹತ್ತೇ ಮಾರು! ನಿಲ್ಲುಸ್ಬ್ಯಾಡ ಕಣಯ್ಯ!”

ಅವನು ನನ್ನ ಹಿಡಿ ಹಿಡಿದ. ನನಗೆ ಬಾಯಿ ಇದ್ದಿದ್ದರೂ ಏನು ಹೇಳಬೇಕೆಂದು ತೋಚುತ್ತಿರಲಿಲ್ಲ. ಭಯವಾಗಿತ್ತು ನನಗೆ.

ಅವನು ನನ್ನನ್ನು ತೂಬಿಗಿಳಿಸಿದ. ಕೋಲು ಹಿಡಿದು ನಾಯಿಗಳಿಗೂ ಮರಗಳಿಗೂ ನಡುವೆ ನೀರಿಗೆ ಹಾರಿದ.

ಚಿಕ್ಕತಾಯಮ್ಮ ಓಡುತ್ತ ಏರಿ ಹತ್ತಿದಳು. ಕೈತುಂಬ ಒಣ ಮಣ್ಣು. “ಹತ್ತೇ ಹತ್ತು ಮಾರು ಕಣಯ್ಯ” ಎಂದು ಅಳತೊಡಗಿದಳು. ಬೈದಳು, ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಬೈಯುತ್ತಲೇ ಒಂದು ಕೋಲು ಹುಡುಕಿಕೊಂಡು ಅವನ ಪಕ್ಕ ನೀರಿಗಿಳಿದಳು. ಮುಂದಿನ ದಿನಗಳಲ್ಲೂ ನನ್ನನ್ನು ಎತ್ತದೆ ಸರದಿಯ ಮೇಲೆ ಕಾದರು. ಮರಿಗಳು ಹಾರಿದವು. ಭತ್ತವೆಲ್ಲ ಜೊಳ್ಳಾಯಿತು.

ಎಷ್ಟೋ ವರ್ಷದ ಮೇಲೆ ಏರಿಯ ಮೇಲೊಂದು ಹಸಿರು ಬೋರ್ಡು ಬಂತು: ‘ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ’. ತೂಬಿಗೆ ಕಬ್ಬಿಣದ ಚಕ್ರ ಬಂತು. ನಾನು ಪುಟ್ಟಮಾದನ ಜಗಲಿಯ ಮೂಲೆ ಸೇರಿದೆ. ಈಗ ನನ್ನ ಮೇಲೆ ಕೋಳಿಗಳು ಕೂರುತ್ತವೆ.

ಮೊನ್ನೆ ನೋಟುಬುಕ್ಕು ಹಿಡಿದ ಒಬ್ಬರು ಬಂದು, ಹಕ್ಕಿಗಳನ್ನು ಹೇಗೆ ಉಳಿಸಿದಿರಿ ಎಂದು ಕೇಳಿದರು.

“ನಾನೇನ್ ಮಾಡ್ದೆ ಸ್ವಾಮಿ, ನೀರು ನಿಲ್ಲುಸ್ದೆ” ಎಂದ ಮುದುಕ ಪುಟ್ಟಮಾದ.

ಒಳಗಿನಿಂದ ಚಿಕ್ಕತಾಯಮ್ಮ ಅಂದಳು: “ನನ್ ಗದ್ದೆ ಒಣಗ್ತು ಅಂತ್ಲೂ ಯೋಳು.”

ಅವನು ಬಾಗಿಲ ಕಡೆ ತಿರುಗಿ ನೋಡಿದ. “ಊ ಸ್ವಾಮಿ. ಅವಳ ಗದ್ದೆ ಒಣಗ್ತು. ಅದ್ನೂ ಬರ್ಕೊಳಿ.”

ಅವರು ಬರೆದುಕೊಂಡರೋ ಇಲ್ಲವೋ, ಮೂಲೆಯಲ್ಲಿದ್ದ ನನಗೆ ಕಾಣಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.