ಬೇಯದ ತಮಾಲ್

2019ರ ಫೆಬ್ರುವರಿ 2, ಶನಿವಾರ, ಬೆಳಿಗ್ಗೆ 11.40. ಸಿತ್ಲಾಲಿ ಮೂರನೆಯ ಸಲ ಹಬೆಪಾತ್ರೆಯ ಮುಚ್ಚಳ ತೆಗೆದಳು. ಮೆಕ್ಕೆಜೋಳದ ಸಿಪ್ಪೆ ಬಿಚ್ಚಿ ಬೆರಳಿನಿಂದ ಒತ್ತಿ ನೋಡಿದಳು. ಒಳಗಿನ ಜೋಳದ ಹಿಟ್ಟಿನ ಕಡುಬು, ತಮಾಲ್, ಬೆಂದಿರಲಿಲ್ಲ.

ಹೊರಗೆ ಗಂಡನ ಬಳಗವೆಲ್ಲ ಹಸಿದು ಕೂತಿತ್ತು. ಜನವರಿಯಲ್ಲಿ, ಮೂವರು ರಾಜರ ಹಬ್ಬದ ರೊಟ್ಟಿ ಕತ್ತರಿಸಿದಾಗ, ಅದರಲ್ಲಿ ಹುದುಗಿಸಿಟ್ಟ ಪುಟ್ಟ ಪ್ಲಾಸ್ಟಿಕ್ ಮಗು ಅವಳ ತುಂಡಿನೊಳಗೆ ಸಿಕ್ಕಿತ್ತು. ಮಗು ಸಿಕ್ಕವರು ಇವತ್ತಿನ ಹಬ್ಬಕ್ಕೆ ಎಲ್ಲರಿಗೂ ತಮಾಲ್ ಬಡಿಸಬೇಕು. ಅಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆಮೇಲೆ, ಅವಳ ಮದುವೆಯಾಗಿ ಆರು ವರ್ಷವಾದದ್ದು ನೆನಪಾಗಿ, ಒಬ್ಬೊಬ್ಬರೇ ನಿಲ್ಲಿಸಿದ್ದರು.

ಮೆಕ್ಸಿಕೋದ ಪ್ವೆಬ್ಲಾದ ಕಾಲೇಜಿನಲ್ಲಿ ಅವಳು ಜೀವರಸಾಯನ ಪಾಠ ಮಾಡುತ್ತಿದ್ದಳು. ಅವಳ ಅಂಡಾಶಯ ಮಾತ್ರ ಯಾವ ಪಾಠವನ್ನೂ ಕೇಳುತ್ತಿರಲಿಲ್ಲ: ಪಿಸಿಓಎಸ್, ತಿಂಗಳುಗಟ್ಟಲೆ ಮುಟ್ಟು ತಪ್ಪಿಸಿ ಬಸಿರಿಗೆ ಅಡ್ಡಿಯಾಗುವ ತೊಂದರೆ. "ಕೊಬ್ಬು ಬಿಡಬೇಡಿ, ಬದಲಾಯಿಸಿ," ಎಂದಿದ್ದರು ಡಾಕ್ಟರು. "ಹಂದಿ ಕೊಬ್ಬಿನ ಬದಲು ಆಲಿವ್ ಎಣ್ಣೆ, ಮೀನು, ಅಕ್ರೋಟು. ಉಪಯೋಗ ಆಗಬಹುದು."

ಆ 'ಬಹುದು' ನಂಬಿಕೊಂಡೇ ಅವಳು ದಿನ ದೂಡುತ್ತಿದ್ದಳು. ಇವತ್ತಿನ ಹಿಟ್ಟಿಗೂ, ಯಾರಿಗೂ ಹೇಳದೆ, ಆಲಿವ್ ಎಣ್ಣೆಯನ್ನೇ ತೂಗಿ ಸುರಿದಿದ್ದಳು. ಹದವಾದ ಹಿಟ್ಟಿನ ಉಂಡೆ ನೀರಿನಲ್ಲಿ ತೇಲಬೇಕು. ಅವಳದು ಲೋಟದ ತಳ ಸೇರಿತ್ತು.

ಅತ್ತೆ ದೊನ್ಯಾ ಒಬ್ದೂಲಿಯಾ ಬಂದು ಮುಚ್ಚಳ ಎತ್ತಿ ಇಣುಕಿದರು.

"ಇನ್ನೂ ಹಸೀನಾ? ಸಿಟ್ಟಲ್ಲಿ ಕಲಸಿದ್ಯೇನೇ?"

"ಇಲ್ಲ ಅತ್ತೆ."

"ಹಾಗಾದ್ರೆ..." ಮುದುಕಿಯ ಕೈಯಿಂದ ಮುಚ್ಚಳ ಜಾರಿತು. ತಮಾಲ್ ಬೇಯದಿರಲು ಆ ಮನೆಯಲ್ಲಿ ಎರಡೇ ಕಾರಣ: ಅಡುಗೆಯವಳ ಸಿಟ್ಟು, ಇಲ್ಲವೇ ಬಸಿರು.

"ಮುಟ್ಟಾಗಿದ್ದು ಯಾವಾಗ?"

"ನವೆಂಬರಲ್ಲಿ." ಸುಳ್ಳಲ್ಲ. ಹಿಂದಿನ ಚಳಿಗಾಲದಲ್ಲೂ ಹಾಗೇ ಆಗಿತ್ತು.

"ಎಲಾದಿಯೋ! ಬಾರೋ ಇಲ್ಲಿ, ದಡ್ಡ ಮುಂಡೇದೇ! ಅಪ್ಪ ಆಗ್ತಿದೀಯ!"

"ಅತ್ತೆ, ಅದು ಎಣ್ಣೆ..."

"ಎಣ್ಣೆ ಆಮೇಲೆ ಹೊಟ್ಟೆಗೆ ಹಚ್ತೀನಿ. ಮೊದ್ಲು ಒಲೆ ಬಿಟ್ಟು ಆಚೆ ಹೋಗು."

ಅವಳನ್ನು ಅಂಗಳದಲ್ಲಿ, ಬೆನ್ನಿಗೆ ದಿಂಬು ಕೊಟ್ಟು, ಕೂರಿಸಿದರು. ಒಳಗೆ ಅತ್ತೆ ತಮ್ಮ ಪದ್ಧತಿಯಂತೆ ಹಂದಿ ಕೊಬ್ಬು ಹಾಕಿ ಹೊಸ ಹಿಟ್ಟು ನಾದಿದರು. ಅದು ಬೆಂದಿತು.

"ನೋಡಿದ್ರಾ? ಅವಳು ಆಚೆ ಹೋದ್ಲು, ಇದು ಬೆಂತು!"

ಒಂದೇ ಸಲಕ್ಕೆ ಎರಡು ಅಂಶ ಬದಲಾದ ಪ್ರಯೋಗ. ವಿದ್ಯಾರ್ಥಿ ಯಾರಾದರೂ ಮಾಡಿದ್ದರೆ ಸೊನ್ನೆ ಕೊಡುತ್ತಿದ್ದಳು. ಈಗ ಬಾಯಿ ತೆರೆದಳು. ಅತ್ತೆ ಅದರೊಳಕ್ಕೆ ತಮಾಲ್ ಇಟ್ಟರು.

"ತಿನ್ನು ಮಗಳೇ. ಇಬ್ಬರ ಪಾಲು."

ಕೊಬ್ಬು ಮಣಿಕಟ್ಟಿನವರೆಗೆ ಇಳಿಯಿತು. ತುಂಬ ರುಚಿಯಾಗಿತ್ತು. ಇನ್ನೊಂದು ಕೇಳಿದಳು.

ಸಂಜೆ ಎಲ್ಲರೂ ಹೋದ ಮೇಲೆ ಎಲಾದಿಯೋ ಅಡುಗೆಮನೆಗೆ ಬಂದ. ಎಂದೂ ಬಾರದವನು.

"ನಂಗ್ಯಾಕೆ ಹೇಳ್ಲಿಲ್ಲ?"

"ನಾನು ಯಾರಿಗೂ ಹೇಳ್ಲಿಲ್ಲ."

"ಕಳ್ಳಿ!" ನಕ್ಕ. ಆ ನಗುವನ್ನು ಅವಳು ಮದುವೆಯ ಫೋಟೋದಲ್ಲಿ ಮಾತ್ರ ನೋಡಿದ್ದು. ಅವನು ದನಿ ತಗ್ಗಿಸಿದ. "ಈಗ ಎಷ್ಟು ತೂಕ ಇರುತ್ತೆ ಮಗು?"

ಕಿಟಕಿಯ ಬಳಿ ಲೋಟ ಹಾಗೇ ಇತ್ತು, ತಳದಲ್ಲಿ ಉಂಡೆ. ಅವಳು ಏಪ್ರನ್ನಿನ ಜೇಬಿನಿಂದ ಪ್ಲಾಸ್ಟಿಕ್ ಮಗುವನ್ನು ತೆಗೆದು ಎಣ್ಣೆ ತೂಗಿದ ಡಿಜಿಟಲ್ ತಕ್ಕಡಿಯ ಮೇಲೆ ಅಂಗಾತ ಮಲಗಿಸಿದಳು.

ಅವನು ಇನ್ನೂ ನಗುತ್ತಲೇ ಬಾಗಿ ಅಂಕಿ ಓದಿದ.

ಎರಡು ಗ್ರಾಂ.